ಥೈಲೇರಿಯಾ ಬಂದ ಹಸುವಿಗೆ ಕ್ಯಾನ್ಸರ್ ಆಗಿರುತ್ತಾ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ. ನಾಲ್ಕು ಎಚ್‌ಎಫ್ ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು ಇವೆ. ಕಳೆದ ತಿಂಗಳು ಒಂದು ಹಸುವಿಗೆ ವಿಪರೀತ ಜ್ವರ ಬಂತು, ಭುಜದ ಮುಂದೆ ಗಂಟು ಊದಿತು, ಮೇವು ಬಿಟ್ಟಿತು. ಡಾಕ್ಟರು ಥೈಲೇರಿಯಾ ಅಂದರು, ದುಬಾರಿ ಇಂಜೆಕ್ಷನ್ ಕೊಟ್ಟರು. ಹಸು ಉಳಿಯಿತು. ಆದರೆ ಹಾಲು ಅರ್ಧಕ್ಕೆ ಇಳಿದಿದೆ, ಇನ್ನೂ ಬಿಳಚಿಕೊಂಡೇ ಇದೆ. ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಈ ಪರಾವಲಂಬಿ ಜೀವಕೋಶದ ಸಿಗ್ನಲ್‌ಗಳನ್ನು ಕದ್ದು ಅದನ್ನು ಕ್ಯಾನ್ಸರ್ ಥರ ಮಾಡುತ್ತದೆ ಅಂತ ಓದಿ ಹೇಳಿದಳು. ಹಾಗಾದರೆ ನಮ್ಮ ಹಸುವಿಗೆ ಕ್ಯಾನ್ಸರ್ ಆಗಿತ್ತಾ? ಹಾಲು ಕುಡಿಯಬಹುದಾ? ಎತ್ತುಗಳಿಗೆ ಯಾಕೆ ಏನೂ ಆಗಲಿಲ್ಲ? ಆ ಸಿಗ್ನಲ್ ನಿಲ್ಲಿಸುವ ಔಷಧ ಇದೆಯಾ? ಮನೆಯಲ್ಲಿ ಮೂರು ತಿಂಗಳ ಕರು ಬೇರೆ ಇದೆ.

ಉತ್ತರ: ಹಾಲಿನ ವಿಷಯ ಮೊದಲು ಮುಗಿಸಿಬಿಡೋಣ. ಥೈಲೇರಿಯಾ ಅಂದರೆ ಉಣ್ಣೆ ಕಚ್ಚಿ ಹರಡುವ, ಏಕಕೋಶ ಪರಾವಲಂಬಿಯಿಂದ ಬರುವ ಕಾಯಿಲೆ. ಹಸುವಿನ ಈ ಥೈಲೇರಿಯಾ ಮನುಷ್ಯರಿಗೆ ಬರುವುದಿಲ್ಲ. ಹಾಲಿನಿಂದಲೂ ಬರುವುದಿಲ್ಲ, ಕೊಟ್ಟಿಗೆ ಕೆಲಸ ಮಾಡಿದರೂ ಬರುವುದಿಲ್ಲ. ಉಣ್ಣೆ ಅಂದಕೂಡಲೇ ಕೆಲವರು ಮಲೆನಾಡಿನ ಮಂಗನ ಕಾಯಿಲೆ ನೆನೆದು ಹೆದರುತ್ತಾರೆ. ಅದು ವೈರಸ್, ಅದನ್ನು ಹರಡುವ ಉಣ್ಣೆಯ ಜಾತಿಯೂ ಬೇರೆ. ಎರಡಕ್ಕೂ ಸಂಬಂಧ ಇಲ್ಲ. ಆದರೆ ಕೊಟ್ಟ ಇಂಜೆಕ್ಷನ್ನಿನ ಅಂಶ ಸ್ವಲ್ಪ ದಿನ ಹಾಲಿನಲ್ಲಿ ಇರುತ್ತದೆ. ಎಷ್ಟು ದಿನ ಡೇರಿಗೆ ಹಾಕಬಾರದು ಅಂತ ಬಾಟಲಿಯ ಲೇಬಲ್ ಮೇಲೆ ಬರೆದಿರುತ್ತದೆ. ಇಂಜೆಕ್ಷನ್ ಹಾಕಿದ ದಿನವೇ ಡಾಕ್ಟರನ್ನು ಕೇಳಿ ಗುರುತು ಹಾಕಿಕೊಳ್ಳಿ. ನಿಮಗೆ ಈಗ ತಿಂಗಳು ಕಳೆದಿದೆ, ಆ ಚಿಂತೆ ಬೇಡ. ಎಂದಿನಂತೆ ಕಾಯಿಸಿ ಕುಡಿಯಿರಿ.

ಇನ್ನು ಕ್ಯಾನ್ಸರ್. ನಿಮ್ಮ ಹಸುವಿಗೆ ಕ್ಯಾನ್ಸರ್ ಆಗಿರಲಿಲ್ಲ. ಆದರೆ ಮಗಳು ಓದಿದ್ದು ಸುಳ್ಳೂ ಅಲ್ಲ. ಒಂದು ಪ್ರಾಣಿಯ ಜೀವಕೋಶದೊಳಗೆ ಹೊಕ್ಕು ಅದನ್ನು ಕ್ಯಾನ್ಸರ್ ಕೋಶದ ಹಾಗೆ ಎಡೆಬಿಡದೆ ಬೆಳೆಸುವ ಏಕಕೋಶ ಪರಾವಲಂಬಿ ಅಂದರೆ ವಿಜ್ಞಾನಿಗಳು ಮೊದಲು ಹೇಳುವ ಹೆಸರು ಥೈಲೇರಿಯಾನೇ. ಮಲೇರಿಯಾದ ಪರಾವಲಂಬಿ ಇದರ ದೂರದ ನೆಂಟ, ಅದು ಈ ಕೆಲಸ ಮಾಡುವುದಿಲ್ಲ. ಅದಕ್ಕೇ ದನದ ಈ ಕಾಯಿಲೆಯನ್ನು ಕ್ಯಾನ್ಸರ್ ಸಂಶೋಧಕರೂ ಆಸೆಯಿಂದ ಓದುತ್ತಾರೆ.

ನಮ್ಮ ಕಡೆ ಇರುವುದು ಥೈಲೇರಿಯಾ ಆನ್ಯುಲೇಟಾ. ಹೆಚ್ಚಾಗಿ ಹಯಲೋಮಾ ಜಾತಿಯ ಉಣ್ಣೆಯಿಂದ ಬರುತ್ತದೆ. ಆಫ್ರಿಕಾದ ಪೂರ್ವ ಭಾಗದಲ್ಲಿ ಇದರ ಅಣ್ಣ ಒಂದಿದೆ, ಥೈಲೇರಿಯಾ ಪಾರ್ವಾ. ಅಲ್ಲಿ ಅದಕ್ಕೆ ಈಸ್ಟ್ ಕೋಸ್ಟ್ ಫೀವರ್ ಅನ್ನುತ್ತಾರೆ. ಅದು ನಮ್ಮ ದೇಶದಲ್ಲಿ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಮಾಹಿತಿಯಲ್ಲಿ ಎರಡೂ ಕಲಸಿಹೋಗಿರುತ್ತವೆ, ಮಗಳಿಗೆ ಹೇಳಿ.

ಉಣ್ಣೆ ಹಸುವಿನ ಮೈಗೆ ಕಚ್ಚಿಕೊಂಡ ತಕ್ಷಣ ರೋಗ ದಾಟುವುದಿಲ್ಲ. ಪರಾವಲಂಬಿ ಉಣ್ಣೆಯ ಜೊಲ್ಲಿನ ಗ್ರಂಥಿಯಲ್ಲಿ ಅರೆಬರೆ ಸ್ಥಿತಿಯಲ್ಲಿ ಕೂತಿರುತ್ತದೆ. ಮೈಯ ಬಿಸಿ ಸಿಕ್ಕಿ, ರಕ್ತ ಹೀರಲು ಶುರುವಾದ ಮೇಲೆ ಪಕ್ವವಾಗುತ್ತದೆ. ಅದಕ್ಕೆ ಎರಡು ಮೂರು ದಿನ ಬೇಕು. ಈ ಮಾತು ಮರೆಯಬೇಡಿ, ಆಮೇಲೆ ಬೇಕಾಗುತ್ತದೆ.

ಪಕ್ವವಾದದ್ದು ಜೊಲ್ಲಿನ ಜೊತೆ ಹಸುವಿನ ಮೈಗೆ ಇಳಿದು ಬಿಳಿ ರಕ್ತಕಣವನ್ನು ಹೊಕ್ಕುತ್ತದೆ. ರೋಗಾಣುವನ್ನು ಹಿಡಿದು ತಿನ್ನಬೇಕಾದ ಕಣವನ್ನೇ! ಸಾಮಾನ್ಯವಾಗಿ ಹೀಗೆ ಒಳಗೆ ಬಂದವರ ಸುತ್ತ ಕಣ ಒಂದು ಪೊರೆ ಕಟ್ಟಿ, ಅದರೊಳಗೆ ಜೀರ್ಣರಸ ಸುರಿದು ಕೊಲ್ಲುತ್ತದೆ. ಥೈಲೇರಿಯಾ ಅರ್ಧ ಗಂಟೆಯೊಳಗೆ ಆ ಪೊರೆ ಕರಗಿಸಿ ಹೊರಗೆ ಬಂದುಬಿಡುತ್ತದೆ. ಆಮೇಲೆ ಕಣದ ಒಳಗೆ ಯಾವ ಮುಚ್ಚುಮರೆಯೂ ಇಲ್ಲದೆ ಆರಾಮಾಗಿ ಕೂರುತ್ತದೆ. ಸಿಗ್ನಲ್ ಕಥೆ ಶುರುವಾಗುವುದು ಇಲ್ಲಿಂದ.

ಜೀವಕೋಶ ತನಗೆ ತೋಚಿದಾಗ ಒಡೆದು ಎರಡಾಗುವುದಿಲ್ಲ. ಹೊರಗಿನಿಂದ ಸುದ್ದಿ ಬರಬೇಕು. ಕೋಶದ ಹೊರ ಪೊರೆಯಲ್ಲಿರುವ ಒಂದು ಪ್ರೋಟೀನ್ ಆ ಸುದ್ದಿ ಹಿಡಿಯುತ್ತದೆ. ಅದು ಒಳಗಿನ ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು. ಹೀಗೆ ಎಬ್ಬಿಸುವುದು ಅಂದರೆ ಹೆಚ್ಚಾಗಿ ಫಾಸ್ಫೇಟ್ ಅನ್ನುವ ಪುಟ್ಟ ತುಣುಕನ್ನು ಅಂಟಿಸುವುದು. ಆ ಕೆಲಸ ಮಾಡುವ ಕಿಣ್ವಗಳನ್ನು ಕೈನೇಸ್ ಅನ್ನುತ್ತಾರೆ. ತಾಲ್ಲೂಕು ಆಫೀಸಿನಲ್ಲಿ ಅರ್ಜಿ ಮೇಲೆ ಸೀಲು ಬಿದ್ದರೆ ತಾನೇ ಅದು ಮುಂದಿನ ಟೇಬಲ್ಲಿಗೆ ಹೋಗುವುದು? ಇಲ್ಲೂ ಹಾಗೇ. ಕೊನೆಯ ಸೀಲು ಬಿದ್ದಾಗ ಆಜ್ಞೆ ಕೋಶದ ಕೇಂದ್ರಕ್ಕೆ ಮುಟ್ಟುತ್ತದೆ, ಅಲ್ಲಿ ಬೇಕಾದ ಜೀನ್‌ಗಳು ಕೆಲಸ ಶುರು ಮಾಡುತ್ತವೆ. ಬೆಳೆ, ಒಡೆ, ಜಾಗ ಬದಲಿಸು, ಇಲ್ಲವೇ ಸಾಯಿ. ನಾಲ್ಕೂ ಆಜ್ಞೆಗಳು ಹೀಗೇ ಹೋಗುತ್ತವೆ.

ಥೈಲೇರಿಯಾ ಅರ್ಜಿಯೇ ಬಾರದೆ ಸೀಲು ಒತ್ತಿಸುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಎನ್‌ಎಫ್ ಕಪ್ಪಾ ಬಿ ಅನ್ನುವ ಪ್ರೋಟೀನಿನದು. ಆರೋಗ್ಯವಂತ ಬಿಳಿ ಕಣದಲ್ಲಿ ಇದನ್ನು ಇನ್ನೊಂದು ಪ್ರೋಟೀನ್ ಹಿಡಿದು ಕೂರಿಸಿರುತ್ತದೆ. ಸೋಂಕು ತಗುಲಿದಾಗ ಐಕೆಕೆ ಅನ್ನುವ ಕೈನೇಸ್‌ಗಳ ಗುಂಪು ಬಂದು, ಹಿಡಿದವನ ಮೇಲೆ ಫಾಸ್ಫೇಟ್ ಅಂಟಿಸಿ ಅವನನ್ನು ತೊಲಗಿಸುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ಕೇಂದ್ರಕ್ಕೆ ಓಡಿ, ಬದುಕಿಕೋ, ಹೋರಾಡು ಅನ್ನುವ ಜೀನ್‌ಗಳನ್ನು ಎಚ್ಚರಿಸುತ್ತದೆ. ಕೆಲಸ ಆದ ಮೇಲೆ ಮತ್ತೆ ತಣ್ಣಗಾಗುತ್ತದೆ. ಥೈಲೇರಿಯಾ ಹೊಕ್ಕ ಕಣದಲ್ಲಿ ಅದು ತಣ್ಣಗಾಗುವುದೇ ಇಲ್ಲ. ಯಾಕೆ ಅನ್ನುವುದನ್ನು 2002ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಿಜ್ಞಾನಿಗಳ ತಂಡ ತೋರಿಸಿತು. ಪರಾವಲಂಬಿ ಆ ಐಕೆಕೆ ಗುಂಪನ್ನು ತನ್ನ ಮೈ ಮೇಲೇ ರಾಶಿ ಹಾಕಿಕೊಳ್ಳುತ್ತದೆ. ಒತ್ತೊತ್ತಾಗಿ ಸೇರಿದ ಕೈನೇಸ್‌ಗಳು ಹೊರಗಿನ ಸುದ್ದಿಗೆ ಕಾಯದೆ ಎದ್ದು ಕೂರುತ್ತವೆ. ಪೊರೆ ಕರಗಿಸಿ ಬೆತ್ತಲೆ ಕೂತದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಪೊರೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಎನ್‌ಎಫ್ ಕಪ್ಪಾ ಬಿ ಸದಾ ಎದ್ದಿದ್ದರೆ ಪರಾವಲಂಬಿಗೆ ಏನು ಲಾಭ? ಕಣ ಸಾಯುವುದಿಲ್ಲ. ಒಳಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾದರೆ ಕೋಶ ತಾನಾಗಿಯೇ ಸಾಯುವ ಏರ್ಪಾಡು ಪ್ರಾಣಿಗಳಲ್ಲಿ ಇದೆ. ಒಂದು ಕಣ ಹೋದರೂ ಮೈ ಉಳಿಯಲಿ ಅಂತ. ಆ ಏರ್ಪಾಡನ್ನೇ ಇದು ಅಡಗಿಸಿಬಿಡುತ್ತದೆ. ಕೋಶ ಹದ್ದು ಮೀರಿದರೆ ತಡೆಯಬೇಕಾದ ಪಿ53 ಅನ್ನುವ ಇನ್ನೊಂದು ಪ್ರೋಟೀನನ್ನೂ ಕೇಂದ್ರಕ್ಕೆ ಹೋಗದ ಹಾಗೆ ಹೊರಗೇ ನಿಲ್ಲಿಸುತ್ತದೆ ಅಂತ ಕಂಡುಬಂದಿದೆ. ಮನುಷ್ಯರ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಟ್ಟುಹೋಗಿರುವುದು ಇದೇ ಪಿ53ರ ಜೀನ್.

ಎರಡನೇ ದಾರಿ ಜೆಎನ್‌ಕೆ ಅನ್ನುವ ಕೈನೇಸ್‌ನದು. ಅದು ಸಿ-ಜುನ್ ಅನ್ನುವ ಪ್ರೋಟೀನನ್ನು ಎಬ್ಬಿಸುತ್ತದೆ. ಸಿ-ಜುನ್ ಎದ್ದರೆ ಕಣ ಒಡೆಯುವ ವೇಗ ಹೆಚ್ಚುತ್ತದೆ. ಜೊತೆಗೆ ಎಂಎಂಪಿ-9 ಅನ್ನುವ ಕಿಣ್ವ ಹೊರಬರುತ್ತದೆ. ಇದು ಅಂಗಾಂಶಗಳ ನಡುವಿನ ಜಾಲವನ್ನು ಕತ್ತರಿಸಿ ಕಣಕ್ಕೆ ದಾರಿ ಮಾಡಿಕೊಡುತ್ತದೆ. ಕ್ಯಾನ್ಸರ್ ಗಡ್ಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವಾಗಲೂ ಇಂಥ ಕಿಣ್ವಗಳದೇ ಕೆಲಸ. ನಿಮ್ಮ ಹಸುವಿನ ಭುಜದ ಮುಂದಿನ ಗಂಟು ಊದಿದ್ದು ಈ ಹುಚ್ಚು ಬೆಳವಣಿಗೆಯಿಂದ. ಅಲ್ಲಿಂದ ಸೋಂಕಿನ ಕಣಗಳು ಲಿವರ್, ಹೊಟ್ಟೆಯ ಗೋಡೆ, ಶ್ವಾಸಕೋಶದವರೆಗೂ ಹೋಗುತ್ತವೆ. ಉಸಿರಾಟ ಜೋರಾಗುವುದು, ಮೂಗಿನಿಂದ ನೀರು ಸುರಿಯುವುದು ಅದಕ್ಕೇ. ಈ ಕಣಗಳು ಸುರಿಸುವ ಉರಿಯೂತದ ರಾಸಾಯನಿಕಗಳಿಂದಲೇ 105–106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಮೇವು ಬಿಡುವುದು, ಹಾಲು ಬತ್ತುವುದು.

ಇದೆಲ್ಲಕ್ಕಿಂತ ನನಗೆ ಬೆರಗು ಹುಟ್ಟಿಸುವುದು ಕಣ ಒಡೆಯುವ ಹೊತ್ತಿನ ಚಾಣಾಕ್ಷತನ. ಕಣ ಎರಡಾಗುವಾಗ ಅದರ ವರ್ಣತಂತುಗಳನ್ನು ಎರಡೂ ಕಡೆಗೆ ಎಳೆಯಲು ಸಣ್ಣ ಸಣ್ಣ ಎಳೆಗಳು ಏಳುತ್ತವೆ. ಪರಾವಲಂಬಿ ಆ ಎಳೆಗಳಿಗೆ ತಗುಲಿಕೊಂಡು, ಕಣದ ಮಧ್ಯದಲ್ಲಿ ಉದ್ದಕ್ಕೆ ಮಲಗುತ್ತದೆ. ಅದಕ್ಕೂ ಹಸುವಿನದೇ ಕೈನೇಸ್ ಒಂದನ್ನು, ಪೋಲೋ ಲೈಕ್ ಕೈನೇಸ್ ಅನ್ನುವುದನ್ನು ಬಳಸಿಕೊಳ್ಳುತ್ತದೆ. ಕಣ ಎರಡಾದಾಗ ಪರಾವಲಂಬಿಯೂ ಎರಡಾಗಿ ಎರಡೂ ಮರಿಕಣಗಳಲ್ಲಿ ಪಾಲು ಪಡೆಯುತ್ತದೆ. ಹೊರಗೆ ಕಾಲಿಡದೆ ಸಂತತಿ ಬೆಳೆಯಿತು. ಹೊರಗೆ ಓಡಾಡುವ ಪ್ರತಿಕಾಯಗಳಿಗೆ ಅದು ಕಣ್ಣಿಗೇ ಬೀಳಲಿಲ್ಲ. ಸುಮಾರು 3,800 ಜೀನ್ ಇರುವ ಒಂದು ಏಕಕೋಶ ಜೀವಿಯ ಕೆಲಸ ಇದು!

ಸೋಂಕಿನ ಕಣದೊಳಗೆ ನೀಲಿ ಚುಕ್ಕೆಗಳಾಗಿ ಕಾಣುವ ಈ ಹಂತವನ್ನು ಮೊದಲು ಕಂಡವರು ಕ್ಷಯದ ರೋಗಾಣು ಪತ್ತೆ ಮಾಡಿದ ರಾಬರ್ಟ್ ಕಾಕ್, 19ನೇ ಶತಮಾನದ ಕೊನೆಯಲ್ಲಿ ಪೂರ್ವ ಆಫ್ರಿಕಾದಲ್ಲಿ. ಇವತ್ತಿಗೂ ನಮ್ಮ ಪಶುವೈದ್ಯರು ಕಾಕ್ಸ್ ಬ್ಲೂ ಬಾಡೀಸ್ ಅಂತಲೇ ಕರೆಯುತ್ತಾರೆ. ಊದಿದ ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿಯಲ್ಲಿ ಇವು ಸಿಗುತ್ತವೆ. ಮೊದಲ ದಿನಗಳಲ್ಲಿ ಬರೀ ರಕ್ತ ಪರೀಕ್ಷೆ ಮಾಡಿಸಿದರೆ ಏನೂ ಕಾಣದೆ ಹೋಗಬಹುದು. ಡಾಕ್ಟರು ಗಂಟಿಗೆ ಸೂಜಿ ಹಾಕುತ್ತೇನೆ ಅಂದರೆ ಬೇಡ ಅನ್ನಬೇಡಿ.

ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ಯಾಕೆ ಹೇಳಿದೆ? ಕ್ಯಾನ್ಸರ್‌ನಲ್ಲಿ ಕೋಶದ ಡಿಎನ್‌ಎ ಕೆಟ್ಟಿರುತ್ತದೆ. ಕಾರಣವಾದ ಬೀಡಿಯನ್ನೋ ವೈರಸ್ಸನ್ನೋ ಆಮೇಲೆ ತೆಗೆದರೂ ಕೆಟ್ಟದ್ದು ಕೆಟ್ಟದ್ದೇ. ಥೈಲೇರಿಯಾ ಹೊಕ್ಕ ಕಣದಲ್ಲಿ ಡಿಎನ್‌ಎ ಅಷ್ಟರಮಟ್ಟಿಗೆ ಕೆಟ್ಟಿರುವುದಿಲ್ಲ, ಆಜ್ಞೆ ಮಾತ್ರ ಸುಳ್ಳು. ಪ್ರಯೋಗಾಲಯದಲ್ಲಿ ಇಂಥ ಕಣಗಳನ್ನು ವರ್ಷಗಟ್ಟಲೆ ಬೆಳೆಸಬಹುದು, ಸಾಯುವುದೇ ಇಲ್ಲ. ಆದರೆ ಔಷಧ ಹಾಕಿ ಒಳಗಿನ ಪರಾವಲಂಬಿಯನ್ನು ಕೊಂದರೆ ಕೆಲವೇ ದಿನಗಳಲ್ಲಿ ಎನ್‌ಎಫ್ ಕಪ್ಪಾ ಬಿ ತಣ್ಣಗಾಗುತ್ತದೆ, ಕಣ ಒಡೆಯುವುದನ್ನು ನಿಲ್ಲಿಸುತ್ತದೆ, ತಾನಾಗಿ ಸಾಯುತ್ತದೆ. ಸೀಲು ಒತ್ತುವವನು ಹೋದ, ಆಫೀಸು ಮೊದಲಿನಂತಾಯಿತು. ನಿಮ್ಮ ಹಸುವಿನ ಗಂಟು ಇಳಿದದ್ದು ಹೀಗೆ. ಅದು ಮುಂದೆ ಕ್ಯಾನ್ಸರ್ ಆಗಿ ತಿರುಗುತ್ತದೆ ಅನ್ನುವ ಭಯ ಬೇಡ.

ಈಗ ಆ ದುಬಾರಿ ಇಂಜೆಕ್ಷನ್. ಅದು ಬುಪಾರ್ವಕ್ವೋನ್ ಇರಬೇಕು. ಈ ಔಷಧ ಪರಾವಲಂಬಿಯ ಉಸಿರು ಕಟ್ಟಿಸುತ್ತದೆ ಅಂತ ಬಹಳ ಕಾಲ ತಿಳಿದಿದ್ದೆವು. ಅದರ ಶಕ್ತಿ ತಯಾರಿಸುವ ಭಾಗವಾದ ಮೈಟೊಕಾಂಡ್ರಿಯಾದಲ್ಲಿರುವ ಸೈಟೋಕ್ರೋಮ್ ಬಿ ಅನ್ನುವ ಪ್ರೋಟೀನನ್ನು ಅದು ಅಡ್ಡಗಟ್ಟುತ್ತದೆ. ಅದು ನಿಜವೇ. ಆದರೆ 2015ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಇನ್ನೊಂದು ಸಂಗತಿ ಹೊರಗೆಳೆದರು. ಪರಾವಲಂಬಿ ಪಿನ್-1 ಅನ್ನುವ ತನ್ನದೇ ಕಿಣ್ವವನ್ನು ಹಸುವಿನ ಕಣದೊಳಗೆ ಸುರಿಯುತ್ತದೆ. ಕೆಲಸ ಮುಗಿದ ಸಿ-ಜುನ್ ಅನ್ನು ಕಸಕ್ಕೆ ಹಾಕಲು ಕಣದಲ್ಲಿ ಒಂದು ಪ್ರೋಟೀನ್ ಇರುತ್ತದೆ. ಪಿನ್-1 ಹೋಗಿ ಆ ಪ್ರೋಟೀನನ್ನೇ ನಾಶ ಮಾಡಿಸುತ್ತದೆ. ಸಿ-ಜುನ್ ಕರಗದೆ ಉಳಿಯುತ್ತದೆ, ಒಡೆ ಒಡೆ ಅಂತ ಆಜ್ಞೆ ಕೊಡುತ್ತಲೇ ಇರುತ್ತದೆ. ಬುಪಾರ್ವಕ್ವೋನ್ ಈ ಪಿನ್-1ನ್ನೂ ತಡೆಯುತ್ತದೆ ಅಂತ ಅವರು ತೋರಿಸಿದರು. ಅಂದರೆ ಸಿಗ್ನಲ್ ನಿಲ್ಲಿಸುವ ಔಷಧ ಇದೆಯಾ ಅಂತ ಕೇಳಿದಿರಲ್ಲ, ಒಂದು ಲೆಕ್ಕದಲ್ಲಿ ನಿಮ್ಮ ಹಸುವಿಗೆ ಅದನ್ನೇ ಕೊಟ್ಟಿದ್ದಾರೆ. ಈ ಎರಡು ದಾರಿಗಳಲ್ಲಿ ಯಾವುದು ಹೆಚ್ಚು ಮುಖ್ಯ ಅನ್ನುವ ವಾದ ಇನ್ನೂ ನಡೆದಿದೆ. ನನಗೆ ಸೈಟೋಕ್ರೋಮ್ ಬಿ ಕಡೆಯೇ ತೂಕ ಜಾಸ್ತಿ ಅನ್ನಿಸುತ್ತದೆ, ಏಕೆಂದರೆ ಔಷಧಕ್ಕೆ ಬಗ್ಗದ ಪರಾವಲಂಬಿಗಳಲ್ಲಿ ಹೆಚ್ಚಾಗಿ ಬದಲಾಗಿರುವುದು ಅದರ ಜೀನ್. ಆದರೆ ಟುನೀಶಿಯಾದಲ್ಲಿ ಪಿನ್-1ರ ಜೀನ್ ಬದಲಾದವೂ ಸಿಕ್ಕಿವೆ, ಅದನ್ನು ತಳ್ಳಿಹಾಕುವ ಹಾಗಿಲ್ಲ.

ಔಷಧಕ್ಕೆ ಬಗ್ಗದ ಥೈಲೇರಿಯಾ ಟುನೀಶಿಯಾ, ಇರಾನ್, ಸುಡಾನ್‌ಗಳಲ್ಲಿ ಈಗಾಗಲೇ ತಲೆನೋವಾಗಿದೆ. ಈ ಒಂದು ಔಷಧ ಕೈಕೊಟ್ಟರೆ ಅದರ ಜಾಗಕ್ಕೆ ಹಾಕಲು ಅಷ್ಟೇ ಒಳ್ಳೆಯದು ನಮ್ಮ ಹತ್ತಿರ ಇಲ್ಲ. ಅದಕ್ಕೇ ಅರ್ಧ ಡೋಸ್ ಹಾಕಿಸುವ ಚಾಳಿ ಕಂಡರೆ ನನಗೆ ಕೋಪ ಬರುತ್ತದೆ. ಹಸುವಿನ ತೂಕದ ಪ್ರತಿ ಕಿಲೋಗೆ 2.5 ಮಿಲಿಗ್ರಾಂ ಬೇಕು. ಎಂಎಲ್‌ಗೆ 50 ಮಿಲಿಗ್ರಾಂ ಇರುವ ಔಷಧವಾದರೆ 400 ಕೆಜಿ ಹಸುವಿಗೆ 20 ಎಂಎಲ್. ದುಬಾರಿ ಅಂತ ಹತ್ತೇ ಎಂಎಲ್ ಹಾಕಿಸಿ ನೋಡೋಣ ಅನ್ನುವವರು ಇದ್ದಾರೆ. ಹಸುವೂ ಹೋಗುತ್ತದೆ, ಅರ್ಧಂಬರ್ಧ ಔಷಧ ಕುಡಿದು ಬದುಕಿದ ಪರಾವಲಂಬಿ ಊರಿನ ಉಣ್ಣೆಗಳಿಗೂ ಸೇರುತ್ತದೆ. ಇನ್ನೊಂದು, ಟೆಟ್ರಾಸೈಕ್ಲಿನ್ ಇಂಜೆಕ್ಷನ್ ಹಾಕಿದರೆ ಸಾಕು ಅಂತ ಊರಲ್ಲಿ ಯಾರಾದರೂ ಹೇಳಿದರೆ ಕೇಳಬೇಡಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದಕ್ಕೆ ಸ್ವಲ್ಪ ಶಕ್ತಿ ಇದೆ. ಗಂಟು ಊದಿ ಜ್ವರ ಏರಿದ ಮೇಲೆ ಇಲ್ಲ. ಜ್ವರ ಇಳಿಯಲಿ ಅಂತ ಡಾಕ್ಟರನ್ನು ಕೇಳದೆ ಸ್ಟಿರಾಯ್ಡ್ ಹಾಕಿಸುವುದಂತೂ ಬೇಡವೇ ಬೇಡ. ಇರುವ ರೋಗನಿರೋಧಕ ಶಕ್ತಿಯೂ ಕುಗ್ಗುತ್ತದೆ.

ಇಂಜೆಕ್ಷನ್ ಸರಿಯಾಗಿ ಬಿದ್ದರೂ ಹಾಲು ಯಾಕೆ ಏರಿಲ್ಲ, ಮೈ ಯಾಕೆ ಬಿಳಚಿದೆ? ಪರಾವಲಂಬಿ ಬಿಳಿ ಕಣದಲ್ಲೇ ಉಳಿಯುವುದಿಲ್ಲ. ಕೆಲವು ದಿನಗಳ ನಂತರ ಅದರ ಒಂದು ಪಾಲು ರೂಪ ಬದಲಿಸಿ, ಆ ಕಣವನ್ನು ಒಡೆದು ಹೊರಬಂದು ಕೆಂಪು ರಕ್ತಕಣಗಳಿಗೆ ಹೋಗುತ್ತದೆ. ಕೆಂಪು ಕಣಕ್ಕೆ ಕೇಂದ್ರವಿಲ್ಲ, ಅದು ಒಡೆದು ಎರಡಾಗುವುದೂ ಇಲ್ಲ. ಅಲ್ಲಿ ಸಿಗ್ನಲ್ ಕದಿಯುವ ಆಟ ಮುಗಿಯಿತು. ಅಲ್ಲಿ ಆಗುವುದು ನಷ್ಟ ಮಾತ್ರ. ಸೋಂಕಿನ ಕೆಂಪು ಕಣಗಳನ್ನು, ಅವುಗಳ ಜೊತೆ ಒಳ್ಳೆಯವನ್ನೂ, ಹಸುವಿನ ಗುಲ್ಮವೇ ಹಿಡಿದು ನಾಶ ಮಾಡುತ್ತದೆ. ಕಣ್ಣಿನ ಒಳಪೊರೆ ಮೊದಲು ಬಿಳಚುತ್ತದೆ, ಆಮೇಲೆ ಹಳದಿಯಾಗುತ್ತದೆ. ಬುಪಾರ್ವಕ್ವೋನ್ ಚೆನ್ನಾಗಿ ಕೆಲಸ ಮಾಡುವುದು ಬಿಳಿ ಕಣದ ಹಂತದಲ್ಲಿ. ಅದು ಪರಾವಲಂಬಿಯನ್ನು ಕೊಲ್ಲುತ್ತದೆ, ಕಳೆದುಹೋದ ರಕ್ತವನ್ನು ತಂದುಕೊಡುವುದಿಲ್ಲ. ಮೂಳೆಮಜ್ಜೆ ಹೊಸ ರಕ್ತ ಮಾಡಬೇಕು, ಅದಕ್ಕೆ ವಾರಗಳು ಬೇಕು. ಜ್ವರ ಬಂದ ಎರಡನೇ ದಿನ ಬಿದ್ದ ಇಂಜೆಕ್ಷನ್ನಿಗೂ ಎಂಟನೇ ದಿನ ಬಿದ್ದದ್ದಕ್ಕೂ ಇರುವ ವ್ಯತ್ಯಾಸ ಇದೇ. ರಕ್ತ ತೀರಾ ಇಳಿದಿದ್ದರೆ ಇನ್ನೊಂದು ಹಸುವಿನ ರಕ್ತ ಏರಿಸುವ ಪದ್ಧತಿಯೂ ಇದೆ, ದೊಡ್ಡ ಪಶು ಆಸ್ಪತ್ರೆಗಳಲ್ಲಿ ಮಾಡುತ್ತಾರೆ. ನಿಮ್ಮ ಹಸು ಮೇವು ತಿನ್ನುತ್ತಾ ಮೆಲುಕು ಹಾಕುತ್ತಿದ್ದರೆ ಒಳ್ಳೆಯ ಹಿಂಡಿ, ಹಸಿರು ಮೇವು ಕೊಡಿ, ನೆರಳಲ್ಲಿ ಕಟ್ಟಿ, ಕಾಯಿರಿ. ಈ ಸೂಲಿನಲ್ಲಿ ಹಾಲು ಪೂರ್ತಿ ಮೊದಲಿನ ಮಟ್ಟಕ್ಕೆ ಬರದೆ ಇರಬಹುದು. ಮುಂದಿನ ಸೂಲಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಹಳ್ಳಿಕಾರ್ ಎತ್ತುಗಳ ಪ್ರಶ್ನೆ ಚೆನ್ನಾಗಿದೆ. ಅವಕ್ಕೆ ಸೋಂಕು ತಗುಲಿಲ್ಲ ಅಂತ ಅಂದುಕೊಳ್ಳಬೇಡಿ. ಉಣ್ಣೆ ಅವನ್ನೂ ಕಚ್ಚಿರುತ್ತದೆ. ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ಪರಾವಲಂಬಿ ಸಿಕ್ಕರೂ ಆಶ್ಚರ್ಯವಿಲ್ಲ. ಕಾಯಿಲೆ ಮಾತ್ರ ಏಳುವುದಿಲ್ಲ. ಈ ಬಗ್ಗೆ ಸರಿಯಾಗಿ ಪ್ರಯೋಗ ನಡೆದಿರುವುದು ಸಾಹಿವಾಲ್ ತಳಿಯ ಮೇಲೆ. ಸಾಹಿವಾಲ್ ಕರುಗಳಿಗೂ ಹೋಲ್‌ಸ್ಟೈನ್ (ನಿಮ್ಮ ಎಚ್‌ಎಫ್ ತಳಿ) ಕರುಗಳಿಗೂ ಒಂದೇ ಪ್ರಮಾಣದ ಸೋಂಕು ಕೊಟ್ಟು ನೋಡಿದರು. ಸಾಹಿವಾಲ್‌ಗಳು ಔಷಧವಿಲ್ಲದೆ ಚೇತರಿಸಿಕೊಂಡವು. ಹೋಲ್‌ಸ್ಟೈನ್‌ಗಳ ಸ್ಥಿತಿ ತೀರಾ ಕೆಟ್ಟಿತು. ಆಮೇಲೆ ಎರಡೂ ತಳಿಯ ಸೋಂಕಿನ ಕಣಗಳನ್ನು ಹೋಲಿಸಿದಾಗ ಟಿಜಿಎಫ್ ಬೀಟಾ-2 ಅನ್ನುವ ಸಿಗ್ನಲ್ ಅಣುವಿನಲ್ಲಿ ವ್ಯತ್ಯಾಸ ಸಿಕ್ಕಿತು. ಹೋಲ್‌ಸ್ಟೈನ್ ಕಣಗಳು ಅದನ್ನು ಜಾಸ್ತಿ ಸುರಿಸುತ್ತವೆ, ಸಾಹಿವಾಲ್ ಕಣಗಳು ಕಡಿಮೆ. ಈ ಅಣು ಜಾಸ್ತಿ ಇದ್ದಷ್ಟೂ ಸೋಂಕಿನ ಕಣಗಳು ಅಂಗಾಂಶ ಸೀಳಿಕೊಂಡು ಓಡುವ ಶಕ್ತಿ ಜಾಸ್ತಿ. ಪರಾವಲಂಬಿ ಒಂದೇ, ಸೀಲೂ ಒಂದೇ. ಅದಕ್ಕೆ ಕಣ ಎಷ್ಟು ಕುಣಿಯುತ್ತದೆ ಅನ್ನುವುದು ತಳಿಯ ಮೇಲೆ ಹೋಗುತ್ತದೆ. ಹಳ್ಳಿಕಾರ್ ಕೂಡ ಸಾಹಿವಾಲ್‌ನ ಹಾಗೆ ಭುಜದ ಮೇಲೆ ಡುಬ್ಬ ಇರುವ ನಾಡ ದನ. ಹತ್ತಾರು ಶತಮಾನ ಈ ಉಣ್ಣೆಗಳ ಜೊತೆಗೇ ಬದುಕಿದ ವಂಶ. ಹಾಗಂತ ಎಚ್‌ಎಫ್ ಮಾರಿ ನಾಟಿ ಕಟ್ಟಿ ಅಂತ ನಾನು ಹೇಳುವುದಿಲ್ಲ. ಡೇರಿ ದುಡ್ಡಿನ ಲೆಕ್ಕ ನಿಮಗೇ ಚೆನ್ನಾಗಿ ಗೊತ್ತು. ಎಚ್‌ಎಫ್ ಕಟ್ಟಿದವರು ಉಣ್ಣೆಯ ಮೇಲೆ ಕಣ್ಣಿಡಬೇಕು, ಅಷ್ಟೇ.

ಅದೇ ಟಿಜಿಎಫ್ ಬೀಟಾ ಲಸಿಕೆಯ ಕಥೆಯಲ್ಲೂ ಬರುತ್ತದೆ. ಸೋಂಕಿನ ಬಿಳಿ ಕಣಗಳು ಪ್ರಯೋಗಾಲಯದಲ್ಲಿ ಸಾಯದೆ ಬೆಳೆಯುತ್ತವೆ ಅಂದೆನಲ್ಲ. ಅವನ್ನು ನೂರಾರು ಸಲ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾಕಿ ಬೆಳೆಸುತ್ತಾ ಹೋದರೆ ಕ್ರಮೇಣ ಉಗ್ರತೆ ಕಳೆದುಕೊಳ್ಳುತ್ತವೆ. ಒಡೆಯುವುದೇನೋ ಒಡೆಯುತ್ತವೆ. ಆದರೆ ಎಂಎಂಪಿ ಕಿಣ್ವ ಕಡಿಮೆಯಾಗುತ್ತದೆ, ಟಿಜಿಎಫ್ ಬೀಟಾ-2 ಇಳಿಯುತ್ತದೆ, ಅಂಗಾಂಶಕ್ಕೆ ನುಗ್ಗುವ ಚಟ ಹೋಗುತ್ತದೆ. ಇಂಥ ಕಣಗಳನ್ನು ಹಸುವಿಗೆ ಚುಚ್ಚಿದರೆ ರೋಗ ಏಳುವುದಿಲ್ಲ, ರೋಗನಿರೋಧಕ ಶಕ್ತಿ ಮಾತ್ರ ಬೆಳೆಯುತ್ತದೆ. ಅದೇ ಲಸಿಕೆ. ನಮ್ಮಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ತಯಾರಿಸಿದ ರಕ್ಷಾವ್ಯಾಕ್-ಟಿ ಈ ಬಗೆಯದು. ತಮಾಷೆ ಅಂದರೆ ಈ ವಿಧಾನ ಕಂಡುಕೊಂಡವರಿಗೆ ಎಂಎಂಪಿಯೂ ಗೊತ್ತಿರಲಿಲ್ಲ, ಟಿಜಿಎಫ್ ಬೀಟಾವೂ ಗೊತ್ತಿರಲಿಲ್ಲ. ಬೆಳೆಸುತ್ತಾ ಹೋದರು, ಉಗ್ರತೆ ಹೋಯಿತು, ಬಳಸಿದರು. ಯಾಕೆ ಹಾಗಾಯಿತು ಅಂತ ಸಿಗ್ನಲ್ ಸಂಶೋಧಕರು ಎಷ್ಟೋ ವರ್ಷದ ಮೇಲೆ ವಿವರಿಸಿದರು.

ಹೊಸ ಸಿಗ್ನಲ್ ಔಷಧಗಳ ವಿಷಯ ಮಗಳಿಗೆ ಆಸಕ್ತಿ ಇದ್ದೇ ಇರುತ್ತದೆ. ಅಕ್ರೋಟು ಮರದಲ್ಲಿರುವ ಜುಗ್ಲೋನ್ ಅನ್ನುವ ವಸ್ತು ಪಿನ್-1ನ್ನು ತಡೆದು ಸೋಂಕಿನ ಕಣಗಳ ಬೆಳವಣಿಗೆ ನಿಲ್ಲಿಸುತ್ತದೆ, ಪ್ರಯೋಗಾಲಯದ ಪಾತ್ರೆಯಲ್ಲಿ. ಇದನ್ನು ಓದಿ ಯಾರೂ ಹಸುವಿಗೆ ಅಕ್ರೋಟು ಸೊಪ್ಪು ತಿನ್ನಿಸಬೇಡಿ, ಜುಗ್ಲೋನ್ ವಿಷ. ಜೆಎನ್‌ಕೆ, ಐಕೆಕೆ ತಡೆಯುವ ರಾಸಾಯನಿಕಗಳೂ ಪಾತ್ರೆಯಲ್ಲಿ ಕೆಲಸ ಮಾಡುತ್ತವೆ. ತೊಡಕು ಏನೆಂದರೆ ಇವು ಹಸುವಿನ ಸ್ವಂತ ಕೈನೇಸ್‌ಗಳು. ಆರೋಗ್ಯವಂತ ಕಣಗಳಿಗೂ ಅವು ಬೇಕು. ಪಿನ್-1ರ ಹಾಗೆ ಪರಾವಲಂಬಿಯದೇ ಕಿಣ್ವವಾದರೆ ಹೊಡೆಯುವುದು ಸುಲಭ, ಆದರೆ ಅದು ಜೀನ್ ಬದಲಿಸಿಕೊಂಡು ತಪ್ಪಿಸಿಕೊಳ್ಳುತ್ತದೆ.

ಪ್ರಾಣಿಯದೇ ಕೈನೇಸ್ ತಡೆದು ಪರಾವಲಂಬಿಯನ್ನು ಸೋಲಿಸುವ ಯೋಚನೆ ಮನುಷ್ಯರ ಮಲೇರಿಯಾದಲ್ಲಿ ಸ್ವಲ್ಪ ಮುಂದೆ ಹೋಗಿದೆ. ಕೆಂಪು ಕಣದಲ್ಲಿರುವ ಸಿಕ್ ಅನ್ನುವ ಕೈನೇಸ್ ಕಣದ ಪೊರೆಯನ್ನು ಸಡಿಲಗೊಳಿಸುತ್ತದೆ. ಒಳಗೆ ಬೆಳೆದ ಮಲೇರಿಯಾ ಮರಿಗಳು ಹೊರಬರಲು ಅದು ಅನುಕೂಲ. ರಕ್ತದ ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಈ ಸಿಕ್ ಅನ್ನೂ ತಡೆಯುತ್ತದೆ. ವಿಯೆಟ್ನಾಮಿನಲ್ಲಿ ಮಾಮೂಲಿ ಮಲೇರಿಯಾ ಔಷಧದ ಜೊತೆ ಇದನ್ನೂ ಸೇರಿಸಿ ಕೊಟ್ಟು ನೋಡಿದಾಗ ಪರಾವಲಂಬಿ ಬೇಗ ಇಳಿಯಿತು. ತಡೆದದ್ದು ಮನುಷ್ಯನ ಪ್ರೋಟೀನನ್ನು, ಹಾಗಾಗಿ ಪರಾವಲಂಬಿ ತನ್ನ ಜೀನ್ ಬದಲಿಸಿ ತಪ್ಪಿಸಿಕೊಳ್ಳುವುದು ಕಷ್ಟ ಅನ್ನುವುದು ಆ ಸಂಶೋಧಕರ ಲೆಕ್ಕ. ಕೆಲವೇ ದಿನ ಕೊಡುವುದರಿಂದ ಅಡ್ಡಪರಿಣಾಮವೂ ಕಡಿಮೆ. ಇಂಥದ್ದು ಹಸುವಿಗೆ ಬರುತ್ತದೆಯೇ? ಸದ್ಯಕ್ಕೆ ನನಗೆ ನಂಬಿಕೆ ಇಲ್ಲ. 400 ಕೆಜಿ ಪ್ರಾಣಿಗೆ ಕ್ಯಾನ್ಸರ್ ಔಷಧ ಕೊಡುವ ಖರ್ಚು ಯಾವ ರೈತನಿಗೂ ಗಿಟ್ಟುವುದಿಲ್ಲ. ಹಾಲಿನಲ್ಲಿ ಅದರ ಅಂಶ ಬಂದರೆ ಆ ಹಾಲು ಯಾರು ಕುಡಿಯುತ್ತಾರೆ?

ಈ ಕಾಯಿಲೆ ಮತ್ತೆ ಬರುತ್ತಾ ಅನ್ನುವ ಚಿಂತೆಯೂ ನಿಮಗೆ ಇರಬಹುದು. ಒಮ್ಮೆ ಗೆದ್ದ ಹಸುವಿನ ರಕ್ತದಲ್ಲಿ ಸ್ವಲ್ಪ ಪರಾವಲಂಬಿ ಬಹಳ ಕಾಲ ಉಳಿದುಕೊಂಡಿರುತ್ತದೆ. ಅದರಿಂದಲೇ ನಿರೋಧಕ ಶಕ್ತಿಯೂ ಉಳಿಯುತ್ತದೆ. ಹಾಗಾಗಿ ಅದಕ್ಕೆ ಮತ್ತೆ ಜೋರಾಗಿ ಬರುವುದು ಅಪರೂಪ. ಕರು ಹಾಕಿದಾಗ, ಬೇರೆ ಕಾಯಿಲೆಯಿಂದ ಸೊರಗಿದಾಗ ತಲೆ ಎತ್ತಬಹುದು, ಆಗ ಗಮನವಿಡಿ. ಆದರೆ ಆ ಹಸುವಿನ ರಕ್ತ ಕುಡಿದ ಮರಿ ಉಣ್ಣೆ, ಬೆಳೆದು ದೊಡ್ಡದಾದ ಮೇಲೆ ಪಕ್ಕದ ಹಸುವಿಗೆ ರೋಗ ಕೊಡುತ್ತದೆ. ಉಳಿದ ಮೂರು ಎಚ್‌ಎಫ್‌ಗಳಿಗೆ ಅಪಾಯ ಅಲ್ಲಿಂದ.

ಉಣ್ಣೆ ಕಚ್ಚಿ ಎರಡು ಮೂರು ದಿನ ಆಗುವವರೆಗೆ ರೋಗ ದಾಟುವುದಿಲ್ಲ ಅಂತ ಮೇಲೆ ಹೇಳಿದ್ದೆ. ಆದ್ದರಿಂದ ದಿನಾ ಸಂಜೆ ಹಾಲು ಕರೆಯುವ ಮುಂಚೆ ಕಿವಿಯ ಒಳಗೆ, ಕೆಚ್ಚಲ ಸಂದಿ, ಬಾಲದ ಬುಡ, ಗಂಗೆದೊಗಲಿನ ಮಡಿಕೆ ನೋಡಿ. ಸಿಕ್ಕಿದ ಉಣ್ಣೆ ತೆಗೆದು ಸೀಮೆಎಣ್ಣೆಗೆ ಹಾಕಿ ಕೊಲ್ಲಿ, ಬೀದಿಗೆ ಎಸೆಯಬೇಡಿ. ಹಯಲೋಮಾ ಉಣ್ಣೆ ಹಸುವಿನ ಮೈ ಬಿಟ್ಟ ಮೇಲೆ ಕೊಟ್ಟಿಗೆ ಗೋಡೆಯ ಬಿರುಕುಗಳಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ಹಸುವಿನ ಮೈಗೆ ಮಾತ್ರ ಔಷಧ ಹೊಡೆದು ಗೋಡೆ ಬಿಟ್ಟರೆ ಎಲ್ಲ ವ್ಯರ್ಥ. ಬಿರುಕುಗಳಿಗೆ ಸಿಮೆಂಟ್ ಬಳಿಯಿರಿ, ಗೋಡೆಗೂ ನೆಲಕ್ಕೂ ಔಷಧ ಹೊಡೆಯಿರಿ. ವರ್ಷಗಟ್ಟಲೆ ಒಂದೇ ಉಣ್ಣೆ ಔಷಧ ಹೊಡೆದರೆ ಉಣ್ಣೆಯೂ ಅದಕ್ಕೆ ಒಗ್ಗಿಹೋಗುತ್ತದೆ. ಯಾವುದರ ನಂತರ ಯಾವುದು ಅಂತ ಡಾಕ್ಟರನ್ನು ಕೇಳಿ ಬದಲಿಸಿ. ಬೇಸಿಗೆ ಶುರುವಾಗಿ ಮಳೆಗಾಲ ಮುಗಿಯುವವರೆಗೆ ಇದನ್ನು ತಪ್ಪಿಸಬೇಡಿ.

ಕರುವಿಗೆ ಮೂರು ತಿಂಗಳು ಅಂದಿರಿ. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಲಸಿಕೆ ಹಾಕಿಸಬಹುದು. ಲಸಿಕೆ ದ್ರವ ಸಾರಜನಕದಲ್ಲಿ ಇಡಬೇಕಾದದ್ದು, ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. ಹತ್ತಿರದ ಪಶು ಆಸ್ಪತ್ರೆಯಲ್ಲೋ ಹಾಲು ಒಕ್ಕೂಟದ ಡಾಕ್ಟರ ಹತ್ತಿರವೋ ಮೊದಲೇ ಹೇಳಿಟ್ಟರೆ, ಊರಿನ ನಾಲ್ಕು ಮನೆಯ ಕರುಗಳಿಗೆ ಸೇರಿಸಿ ತರಿಸುತ್ತಾರೆ. ಕರುವಿಗೆ ಜ್ವರ ಇಲ್ಲದ ದಿನ, ಬೇಸಿಗೆಯ ಉಣ್ಣೆ ಏಳುವ ಮುಂಚೆ ಹಾಕಿಸಿ. ಗಬ್ಬದ ಹಸುಗಳಿಗೆ ಹಾಕಿಸುವ ಯೋಚನೆ ಇದ್ದರೆ ಎಷ್ಟು ತಿಂಗಳು ಅಂತ ಡಾಕ್ಟರಿಗೆ ಮೊದಲೇ ಹೇಳಿ.